ಅಲ್ಮಾಟಿಗೆ ಬಂದು ಒಂದೂವರೆ ವರ್ಷ: ಕಜಕ್ ನೆಲದಲ್ಲಿ ಸಂಸಾರ ಹೂಡಿದ ಕಥೆ

ಚಳ್ಳಕೆರೆ_ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಇಲ್ಲಿ ಕೆಲಸ ಸಿಕ್ಕಿ, ನಾವಿಬ್ಬರು ಮತ್ತು ಐದು ವರ್ಷದ ಮಗಳು ಕಜಕಿಸ್ತಾನದ ಅಲ್ಮಾಟಿಗೆ ಬಂದು ಒಂದೂವರೆ ವರ್ಷವಾಯಿತು. ಬರುವ ಮುಂಚೆ ಕನ್ನಡದಲ್ಲಿ ಈ ಊರಿನ ಬಗ್ಗೆ ತುಂಬಾ ಹುಡುಕಿದ್ದೆ. ಸಿಕ್ಕಿದ್ದೆಲ್ಲ ನಾಲ್ಕು ದಿನದ ಪ್ರವಾಸದ ಮಾತು. ಮನೆ ಮಾಡಿಕೊಂಡು ಇರುವವರಿಗೆ ಬೇಕಾದ್ದು ಎಲ್ಲೂ ಇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಕೂತು ಓದಿ.

ಮೊದಲು ಊರು. ಅಲ್ಮಾಟಿಯ ದಕ್ಷಿಣಕ್ಕೆ ಗೋಡೆ ಎಬ್ಬಿಸಿದ ಹಾಗೆ ಹಿಮದ ಬೆಟ್ಟಗಳಿವೆ. ಇಲೆ ಅಲಾತಾವ್ ಅಂತ ಹೆಸರು, ತಿಯಾನ್ ಶಾನ್ ಸಾಲಿನದು. ಊರು ಆ ಬೆಟ್ಟದ ಬುಡದಿಂದ ಇಳಿಜಾರಾಗಿ ಹರಡಿಕೊಂಡಿದೆ. ಹಾಗಾಗಿ ಇಲ್ಲಿ ದಾರಿ ಕೇಳಿದರೆ 'ಮೇಲಕ್ಕೆ ಹೋಗಿ', 'ಕೆಳಕ್ಕೆ ಹೋಗಿ' ಅನ್ನುತ್ತಾರೆ. ಮೇಲೆ ಅಂದರೆ ಬೆಟ್ಟದ ಕಡೆ. ರಸ್ತೆಗಳ ಪಕ್ಕದಲ್ಲಿ ಆರಿಕ್ ಅನ್ನುವ ಸಣ್ಣ ಕಾಲುವೆಗಳಿವೆ. ಬೇಸಿಗೆ ಶುರುವಾದಾಗ ಬೆಟ್ಟದ ನೀರು ಅವುಗಳಲ್ಲಿ ಜುಳುಜುಳು ಹರಿದು ಮರಗಳ ಬೇರಿಗೆ ಹೋಗುತ್ತದೆ. ಬಯಲುಸೀಮೆಯಲ್ಲಿ ಕೊಡ ಹೊತ್ತು ಬೆಳೆದವಳು ನಾನು. ಫುಟ್‌ಪಾತ್ ಪಕ್ಕ ಸುಮ್ನೆ ಹರಿಯುವ ನೀರು ಕಂಡು ಮೊದಲ ವಾರ ಅಲ್ಲೇ ನಿಂತುಬಿಡುತ್ತಿದ್ದೆ.

ಕಾಗದಪತ್ರದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಐಐಎನ್ ಅನ್ನುವ 12 ಅಂಕಿಯ ಗುರುತಿನ ಸಂಖ್ಯೆ ಮೊದಲು ಮಾಡಿಸಿ. ಬ್ಯಾಂಕ್ ಖಾತೆಗೆ ಅದು ಬೇಕೇ ಬೇಕು. ಖಾತೆ ಆದ ಮೇಲೆ ಫೋನಿನಲ್ಲಿ ಕಾಸ್ಪಿ ಆಪ್ ಹಾಕಿಕೊಳ್ಳಿ. ನಮ್ಮಲ್ಲಿ ಯುಪಿಐ ಹೇಗೋ ಇಲ್ಲಿ ಅದು ಹಾಗೆ. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯೂ ಅದರಲ್ಲೇ ದುಡ್ಡು ತಗೋತಾರೆ. 2024ರ ಮಾರ್ಚ್ 1ರಿಂದ ಇಡೀ ದೇಶಕ್ಕೆ ಒಂದೇ ಗಡಿಯಾರ. ನಮ್ಮ ಭಾರತಕ್ಕಿಂತ ಅರ್ಧ ಗಂಟೆ ಹಿಂದೆ. ಊರಿಗೆ ಫೋನ್ ಮಾಡಲು ಅಮ್ಮನ ನಿದ್ದೆ ಕೆಡಿಸಬೇಕಿಲ್ಲ. ಇದು ನನಗೆ ಎಷ್ಟು ದೊಡ್ಡ ಸಮಾಧಾನ ಅಂತ ಹೊರದೇಶದಲ್ಲಿ ಇರುವವರಿಗೆ ಗೊತ್ತು.

ಮನೆ ಸಿಗುವುದು ಕಷ್ಟವಾಯಿತು. ಒಬ್ಬ ದಲ್ಲಾಳಿ ತೋರಿಸಿದ ಮನೆ ಒಂದು, ಕೊನೆಗೆ ಕೀಲಿ ಕೊಡಲು ಬಂದದ್ದು ಇನ್ನೊಂದು. ಮುಂಗಡ ವಾಪಸ್ ಬರಲಿಲ್ಲ. ಹೊಸಬರು ಮನೆಯೊಳಗೆ ಕಾಲಿಡದೆ ಯಾರಿಗೂ ದುಡ್ಡು ಹಾಕಬೇಡಿ.

ಈಗ ನಾನು ನಿಜವಾಗಿ ಹೇಳಬೇಕು ಅಂದುಕೊಂಡಿದ್ದ ವಿಷಯ. ನಾವು ಈ ಮನೆಗೆ ಬಂದ ನಾಲ್ಕನೇ ದಿನ ಬಾಗಿಲು ಬಡಿದ ಸದ್ದಾಯಿತು. ತಲೆಗೆ ಬಿಳಿ ಸ್ಕಾರ್ಫ್ ಕಟ್ಟಿದ ಅಜ್ಜಿ ನಿಂತಿದ್ದರು. ಜೊತೆಗೆ ಇಂಗ್ಲಿಷ್ ಬರುವ ಮೊಮ್ಮಗಳು. 'ನಾಳೆ ಸಂಜೆ ನಮ್ಮ ಮನೆಗೆ ಊಟಕ್ಕೆ ಬನ್ನಿ' ಅಂದರು. ಪರಿಚಯವೇ ಇಲ್ಲ! ನಾನು ಏನೋ ಕಾರಣ ಹೇಳಿ ತಪ್ಪಿಸಿಕೊಳ್ಳಲು ನೋಡಿದೆ. ಆಗ ಆ ಹುಡುಗಿ ಹೇಳಿದಳು, 'ಇದು ಯೆರುಲಿಕ್. ಹೊಸದಾಗಿ ಬಂದವರನ್ನು ಮುಂಚೆಯಿಂದ ಇರುವವರು ಊಟಕ್ಕೆ ಕರೆಯಬೇಕು. ನೀವು ಬರದಿದ್ದರೆ ನಮ್ಮಜ್ಜಿಗೆ ಬೇಜಾರಾಗುತ್ತದೆ.'

ಅಲೆಮಾರಿ ದಿನಗಳಲ್ಲಿ ಒಂದು ಕುಟುಂಬ ಹೊಸ ಹುಲ್ಲುಗಾವಲಿಗೆ ಬಂದು ಗುಡಾರ ಬಿಚ್ಚಿದ ದಿನ ಒಲೆ ಹೂಡಲು ಆಗುವುದಿಲ್ಲ ಅಲ್ವಾ? ಅವತ್ತು ಅಕ್ಕಪಕ್ಕದವರು ಊಟ ಹಾಕುತ್ತಿದ್ದರು. ಈಗ ಗುಡಾರ ಹೋಗಿ ಅಪಾರ್ಟ್‌ಮೆಂಟ್ ಬಂದಿದೆ. ಎಲ್ಲರೂ ಇದನ್ನು ಪಾಲಿಸುತ್ತಾರೆ ಅಂತಲ್ಲ. ನಮ್ಮ ಅಪಾ ಪಾಲಿಸುತ್ತಾರೆ. ಅಪಾ ಅಂದರೆ ಅಜ್ಜಿ. ವಯಸ್ಸಾದ ಹೆಂಗಸರನ್ನೆಲ್ಲ ಹಾಗೇ ಕರೆಯುವುದು.

ನಾವು ಹೋದೆವು. ಇವತ್ತು ನನಗೆ ಈ ಊರಲ್ಲಿ ಏನೇನು ಇದೆಯೋ ಅದೆಲ್ಲ ಆ ಸಂಜೆಯಿಂದ ಬಂದದ್ದು. ಪ್ರಶ್ನೆ ಇದ್ದರೆ ಕೇಳಿ.

ಹೊಸಬ_ಜಯನಗರ

ಅಕ್ಕಾ, ತುಂಬಾ ಥ್ಯಾಂಕ್ಸ್. ನಾನು ಹೆಂಡತಿ ಜೊತೆ ಇನ್ನೆರಡು ತಿಂಗಳಲ್ಲಿ ಅಲ್ಮಾಟಿಗೆ ಬರುತ್ತಿದ್ದೇನೆ. ನಾವಿಬ್ಬರೂ ಸಸ್ಯಾಹಾರಿಗಳು. ಅಲ್ಲಿ ಎಲ್ಲರೂ ಕುದುರೆ ಮಾಂಸ ತಿನ್ನುತ್ತಾರಂತೆ. ಊಟಕ್ಕೆ ಕರೆದಾಗ ಏನು ಮಾಡಿದಿರಿ? ದಿನದ ಅಡುಗೆ ಹೇಗೆ?

ಚಳ್ಳಕೆರೆ_ಮಗಳು

ನಾವೂ ಸಸ್ಯಾಹಾರಿಗಳೇ. ಅದಕ್ಕೇ ನನಗೂ ಭಯವಿತ್ತು.

ಆ ಸಂಜೆಯದ್ದನ್ನೇ ಹೇಳುತ್ತೇನೆ. ಮೊದಲು ನೆಲದ ಮೇಲೆ ಅಗಲವಾದ ಬಟ್ಟೆ ಹಾಸಿದರು. ಅದಕ್ಕೆ ದಸ್ತರ್ಖಾನ್ ಅನ್ನುತ್ತಾರೆ. ಅದನ್ನು ದಾಟಬಾರದು, ತುಳಿಯಬಾರದು. ಬಾವುರ್ಸಾಕ್ ಅನ್ನುವ ಎಣ್ಣೆಯಲ್ಲಿ ಕರಿದ ಉಬ್ಬಿದ ಹಿಟ್ಟಿನ ಉಂಡೆಗಳು, ಒಣದ್ರಾಕ್ಷಿ, ಅಕ್ರೋಟ, ಬೆಣ್ಣೆ, ಜಾಮ್, ಸಕ್ಕರೆ ಮಿಠಾಯಿ, ಎರಡು ಬಗೆ ಸಲಾಡ್. ಇಷ್ಟೇ ಊಟ ಅಂದುಕೊಂಡೆ. ಅದು ಬರೀ ಚಹಾದ ಜೊತೆಯದ್ದು. ಆಮೇಲೆ ದೊಡ್ಡ ತಟ್ಟೆಯಲ್ಲಿ ಬೆಶ್‌ಬರ್ಮಾಕ್ ಬಂತು. ಅಗಲ ಅಗಲ ಹಿಟ್ಟಿನ ಹಾಳೆಗಳ ಮೇಲೆ ಬೇಯಿಸಿದ ಮಾಂಸ, ಈರುಳ್ಳಿ. ಹೆಸರಿನ ಅರ್ಥ 'ಐದು ಬೆರಳು'. ಕೈಯಲ್ಲಿ ತಿನ್ನುವ ಊಟ.

ನಾವು ಮಾಂಸ ತಿನ್ನುವುದಿಲ್ಲ ಅಂತ ನಾನು ಹಿಂದಿನ ದಿನ ಬಾಗಿಲಲ್ಲೇ ಹೇಳಿದ್ದೆ. ಇದು ಮುಖ್ಯ. ಊಟಕ್ಕೆ ಕೂತ ಮೇಲೆ ಹೇಳಬೇಡಿ. ಅಪಾಗೆ ಇದು ಕಾಯಿಲೆ ಇರಬೇಕು ಅನ್ನಿಸಿತ್ತಂತೆ. ಹೊಟ್ಟೆಗೆ ಏನು ತೊಂದರೆ ಅಂತ ಕೇಳಿದರು. ಹುಟ್ಟಿದಾಗಿನಿಂದ ಹೀಗೇ, ನಮ್ಮ ಮನೆತನವೇ ಹೀಗೆ ಅಂದಾಗ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. 'ಮನೆತನದ ಪದ್ಧತಿ ಅಂದರೆ ಸರಿ' ಅಂದರು. ಮನೆತನ, ಹಿರಿಯರು ಅಂದರೆ ಇಲ್ಲಿ ತಕ್ಷಣ ಅರ್ಥವಾಗುತ್ತದೆ. ಒಬ್ಬೊಬ್ಬರಿಗೂ ಏಳು ತಲೆಮಾರಿನ ಹಿರಿಯರ ಹೆಸರು ಬಾಯಿಪಾಠ ಇರಬೇಕು. ಅದಕ್ಕೆ ಝೆತಿ ಅತಾ ಅನ್ನುತ್ತಾರೆ, ಅಂದರೆ ಏಳು ಅಜ್ಜಂದಿರು. ಏಳು ತಲೆಮಾರಿನ ಒಳಗೆ ಸಂಬಂಧ ಇದ್ದರೆ ಮದುವೆ ಇಲ್ಲ. ನಮ್ಮಲ್ಲಿ ಬೆಡಗು, ಗೋತ್ರ ಕೇಳುವ ಹಾಗೆ.

ಇನ್ನೊಂದು ಪ್ರಸಂಗ. ಕೆಲವು ತಿಂಗಳಾದ ಮೇಲೆ ಅವರ ಮಗನ ಮನೆಯಲ್ಲಿ ದೊಡ್ಡ ಊಟ ಇತ್ತು. ಮುಖ್ಯ ಅತಿಥಿಗೆ ಬೇಯಿಸಿದ ಕುರಿಯ ತಲೆ ಕೊಡುವ ಮರ್ಯಾದೆ ಇದೆ. ದೂರದಿಂದ ಬಂದವರು ಅಂತ ನಮ್ಮ ಯಜಮಾನರ ಮುಂದೆ ತಂದು ಇಡುವುದರಲ್ಲಿದ್ದರು. ಅಷ್ಟರಲ್ಲಿ ಅಪಾ ಕೇಳಿದರು, 'ನಿನ್ನ ಅಪ್ಪ ಇದ್ದಾರಾ?' ಇದ್ದಾರೆ ಅಂದರು ಇವರು. 'ಹಾಗಾದರೆ ನೀನು ತಗೊಳ್ಳುವ ಹಾಗಿಲ್ಲ. ತಂದೆ ಇರುವವರು ತಲೆ ಹಿಡಿಯಬಾರದು' ಅಂತ ಅದನ್ನು ಹಿರಿಯರೊಬ್ಬರ ಮುಂದಿಟ್ಟರು. ಅವರು ಕಿವಿ ಕೊಯ್ದು ಮಕ್ಕಳಿಗೆ ಕೊಟ್ಟರು, ಹಿರಿಯರ ಮಾತು ಕೇಳಲಿ ಅಂತ. ಯಾರ ಮರ್ಯಾದೆಯೂ ಕಡಿಮೆಯಾಗದ ಹಾಗೆ ಅಪಾ ನಮ್ಮನ್ನು ಅವತ್ತು ಕಾಪಾಡಿದರು. ಅವರದೇ ಪದ್ಧತಿಯೊಳಗೆ ನಮಗೂ ಜಾಗ ಮಾಡಿದರು. ಮನೆಗೆ ಬಂದು ಇವರು ತಮ್ಮ ತಂದೆಗೆ ಫೋನ್ ಮಾಡಿ ತುಂಬಾ ಹೊತ್ತು ಮಾತಾಡಿದರು.

ಇನ್ನು ದಿನದ ಅಡುಗೆ. ಹಸಿರು ಸಂತೆಗೆ ಹೋಗಿ. ಕಜಕ್‌ನಲ್ಲಿ ಕೋಕ್ ಬಜಾರ್. ಹೆಸರುಕಾಳು 'ಮಾಶ್' ಅನ್ನುವ ಹೆಸರಲ್ಲಿ ಮೂಟೆಗಟ್ಟಲೆ ಸಿಗುತ್ತದೆ. ನನ್ನ ಅರ್ಧ ಅಡುಗೆ ಅದರಲ್ಲೇ ನಡೆಯುತ್ತದೆ. ಕೊತ್ತಂಬರಿ, ಸಬ್ಬಸಿಗೆ ಧಾರಾಳ. ಆಯ್ರಾನ್ ಅಂದರೆ ನಮ್ಮ ಗಟ್ಟಿ ಮಜ್ಜಿಗೆಯೇ. ಒಂದು ಸಾಲಿನಲ್ಲಿ ಕೊರಿಯಾದವರ ಸಲಾಡ್ ಅಂಗಡಿಗಳು. 1937ರಲ್ಲಿ ಸೋವಿಯತ್ ಸರ್ಕಾರ ಪೂರ್ವದ ತುದಿಯಿಂದ ರೈಲಿಗೆ ತುಂಬಿ ಇಲ್ಲಿಗೆ ತಂದು ಬಿಟ್ಟವರ ಮೊಮ್ಮಕ್ಕಳು ಅವರು. ಅವರು ಮಾಡುವ ಖಾರದ ಕ್ಯಾರೆಟ್ ಸಲಾಡ್ ಬಿಸಿ ಅನ್ನಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ಉದ್ದಿನಬೇಳೆ, ಹುಣಸೆಹಣ್ಣು ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ, ಬೆಲೆ ಜಾಸ್ತಿ. ರಾಗಿ ನಾನು ಎಲ್ಲೂ ಕಾಣಲಿಲ್ಲ. ಊರಿಂದ ತನ್ನಿ.

ದೋಸೆ ಹಿಟ್ಟು ಹುಳಿ ಬರುತ್ತದಾ ಅಂತ ಯೋಚಿಸಬೇಡಿ. ಚಳಿಗಾಲದಲ್ಲಿ ಊರಿಗೆಲ್ಲ ಸೇರಿ ಬಿಸಿನೀರಿನ ಕೊಳವೆ ಬಿಡುತ್ತಾರೆ. ಗೋಡೆಯ ರೇಡಿಯೇಟರ್ ಯಾವಾಗಲೂ ಸುಡುತ್ತಿರುತ್ತದೆ. ಅದರ ಪಕ್ಕ ಒಂದು ಸ್ಟೂಲ್ ಇಟ್ಟು ಪಾತ್ರೆ ಮುಚ್ಚಿಡಿ. ಬೆಳಿಗ್ಗೆ ಹಿಟ್ಟು ಉಕ್ಕಿರುತ್ತದೆ.

ಕರಗಂಡಾ_ಹುಡುಗ

ನಾನು ಇಲ್ಲೇ ಕಜಕಿಸ್ತಾನದ ಕರಗಂಡಾ ಊರಲ್ಲಿ ಎಂಬಿಬಿಎಸ್ ಮೂರನೇ ವರ್ಷ. ಊರು ಗಂಗಾವತಿ. ಅಲ್ಮಾಟಿ ಚಳಿ ಚಳಿಯೇ ಅಲ್ಲ ಅಕ್ಕಾ. ಇಲ್ಲಿ ಮೈನಸ್ 30ರಲ್ಲಿ ಕ್ಲಾಸಿಗೆ ಹೋಗಿದ್ದೇವೆ. ರೆಪ್ಪೆಗೂದಲ ಮೇಲೆ ಹಿಮ ಕೂರುತ್ತದೆ. ಮೂಗಿನ ಒಳಗಿನ ಕೂದಲು ಗಟ್ಟಿಯಾಗಿ ಚುಚ್ಚುತ್ತದೆ. ಬುರಾನ್ ಅನ್ನುವ ಹಿಮಗಾಳಿ ಬೀಸಿದರೆ ಹೆದ್ದಾರಿ ಮುಚ್ಚುತ್ತಾರೆ.

ಹೊಸಬರಿಗೆ ಒಂದು ಮಾತು. ಜಾಕೆಟ್ ಊರಲ್ಲಿ ಕೊಳ್ಳಬೇಡಿ, ಬೂಟಂತೂ ಬೇಡವೇ ಬೇಡ. ಬೆಂಗಳೂರಿನ ಮಾಲ್‌ನಲ್ಲಿ ಆರು ಸಾವಿರ ಕೊಟ್ಟ ಬೂಟಿನ ಅಡಿ ಇಲ್ಲಿ ಚಳಿಗೆ ಹಲಗೆಯ ಹಾಗೆ ಗಟ್ಟಿಯಾಗಿ ಜಾರಿತು. ಬಿದ್ದು ಮಣಿಕಟ್ಟು ಮುರಿದುಕೊಂಡೆ. ಹಿಮಕ್ಕಿಂತ ಗೊಲೊಲ್ಯೋದ್ ಅಪಾಯ. ನೆಲದ ಮೇಲೆ ಗಾಜಿನಂಥ ತೆಳು ಮಂಜುಗಡ್ಡೆ ಕೂತಿರುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಇಲ್ಲಿನ ಅಜ್ಜಿಯರು ಪುಟ್ಟ ಪುಟ್ಟ ಹೆಜ್ಜೆ ಇಟ್ಟು ಪಾದವನ್ನು ಪೂರ್ತಿ ಊರಿ ನಡೆಯುತ್ತಾರೆ. ಅದನ್ನೇ ಕಲಿಯಿರಿ.

ಭಾಷೆ ವಿಷಯಕ್ಕೆ: ಆಸ್ಪತ್ರೆಯಲ್ಲಿ ನಮಗೆ ರಷ್ಯನ್ ಕಲಿಸುತ್ತಾರೆ. ಆದರೆ ಹಳ್ಳಿಯಿಂದ ಬಂದ ರೋಗಿಗೆ ಕಜಕ್‌ನಲ್ಲಿ 'ಎಲ್ಲಿ ನೋವು' ಅಂತ ಕೇಳಿ ನೋಡಿ. ಮುಖವೇ ಬದಲಾಗುತ್ತದೆ.

ಮಲೆನಾಡ_ಮಳೆ

ನಾನು ಕಜಕಿಸ್ತಾನ ನೋಡಿಲ್ಲ, ತೀರ್ಥಹಳ್ಳಿಯವನು. ಭಾಷೆ ಅಂದಿದ್ದಕ್ಕೆ ಕುತೂಹಲ. ರಷ್ಯನ್ ಕಲಿಯಬೇಕಾ, ಕಜಕ್ ಕಲಿಯಬೇಕಾ?

ಚಳ್ಳಕೆರೆ_ಮಗಳು

ಅಲ್ಮಾಟಿಯಲ್ಲಿ ಬದುಕು ನಡೆಸಲು ರಷ್ಯನ್ ಸಾಕು. ಟ್ಯಾಕ್ಸಿ, ಅಂಗಡಿ, ಆಸ್ಪತ್ರೆ ಎಲ್ಲ ಅದರಲ್ಲೇ ಆಗುತ್ತದೆ. ನಾನೂ ಮೊದಲು ಅದನ್ನೇ ಶುರು ಮಾಡಿದೆ. ಆದರೆ ನಾಲಿಗೆಗೆ ಬೇಗ ಒಗ್ಗಿದ್ದು ಕಜಕ್. ಯಾಕೆ ಅಂತ ಹೇಳುತ್ತೇನೆ.

ಒಂದು ದಿನ ಮಗಳನ್ನು ಶಿಶುವಿಹಾರದಿಂದ ಕರೆತರುತ್ತಿದ್ದೆ. ಮೆಟ್ಟಿಲ ಹತ್ತಿರ ಅಪಾ ಸಿಕ್ಕರು. 'ಉಯ್ಗೆ?' ಅಂತ ಕೇಳಿದರು. ನನಗೆ ಅದು ಥಟ್ಟನೆ 'ಮನೆಗೆ?' ಅಂತಲೇ ಕೇಳಿಸಿತು. ನಿಜಕ್ಕೂ ಅದೇ ಅರ್ಥ! ಉಯ್ ಅಂದರೆ ಮನೆ. ಗೆ ಅಂದರೆ ನಮ್ಮ 'ಗೆ'ಯೇ. ಉಯ್ಗೆ, ಮನೆಗೆ. ಮೆಕ್ತೆಪ್ ಅಂದರೆ ಶಾಲೆ, ಮೆಕ್ತೆಪ್‌ಕೆ ಅಂದರೆ ಶಾಲೆಗೆ. ಪದದ ಸ್ವರ, ಕೊನೆಯ ಅಕ್ಷರ ನೋಡಿಕೊಂಡು ಗೆ, ಗಾ, ಕೆ, ಕಾ ಆಗುತ್ತದೆ. ಅಲ್ಮಾತಿಗಾ ಅಂದರೆ ಅಲ್ಮಾಟಿಗೆ. ಬಲಾ ಅಂದರೆ ಮಗು, ಬಲಾಲಾರ್ ಮಕ್ಕಳು, ಬಲಾಲಾರ್‌ಗಾ ಮಕ್ಕಳಿಗೆ. ನಾವು ಹೇಗೆ 'ಮಕ್ಕಳು' ಮಾಡಿ ಆಮೇಲೆ 'ಇಗೆ' ಸೇರಿಸುತ್ತೇವೋ ಅದೇ ಸಾಲು. ಕ್ರಿಯಾಪದ ಕೊನೆಗೇ ಬರುತ್ತದೆ.

ಕನ್ನಡ ದ್ರಾವಿಡ, ಕಜಕ್ ತುರ್ಕಿ ಗುಂಪಿನದು. ಎರಡೂ ಒಂದೇ ಮನೆಯವಲ್ಲ. ಆದರೂ ಆ 'ಗೆ' ಕೇಳಿದ ದಿನ ನನಗೆ ಕಣ್ಣು ತುಂಬಿ ಬಂತು. ಜೊತೆಗೆ ಪಾರಸಿ, ಅರಬ್ಬಿಯಿಂದ ಎರಡೂ ಕಡೆಗೆ ಬಂದ ಪದಗಳಿವೆ. ಸಾಬೂನು ಇಲ್ಲಿ ಸಾಬಿನ್. ದುಕಾನು ಇಲ್ಲಿ ದುಕೆನ್. ದುನಿಯಾ ದುನಿಯೆ. ದೋಸ್ತ್ ಇಲ್ಲಿ ದೋಸ್. ಲಿಪಿ ಸಿರಿಲಿಕ್, 42 ಅಕ್ಷರ. ಎರಡು ವಾರ ಕೂತರೆ ಬೋರ್ಡ್ ಓದಬಹುದು.

ಕಾಸ್ಪಿಯನ್_ದಂಡೆ

ನಾನು ಅತಿರಾವ್‌ನಲ್ಲಿ ತೈಲದ ಕೆಲಸದಲ್ಲಿದ್ದೇನೆ, ಮಂಗಳೂರಿನವ. ಅಲ್ಮಾಟಿಯವರು ಬೆಟ್ಟ, ಸೇಬು ಅಂತ ಹೇಳುತ್ತಾರೆ. ನಮ್ಮ ಕಡೆ ಒಂದು ಗುಡ್ಡವೂ ಇಲ್ಲ. ಕಣ್ಣು ಹಾಯಿಸಿದಷ್ಟು ದೂರ ಚಪ್ಪಟೆ ನೆಲ, ಉಪ್ಪು, ಒಂಟೆ. ಊರ ಮಧ್ಯೆ ಉರಾಲ್ ನದಿ ಹರಿಯುತ್ತದೆ. ಇಲ್ಲಿಯವರು ಅದಕ್ಕೆ ಝಾಯಿಕ್ ಅನ್ನುತ್ತಾರೆ. ಸೇತುವೆ ದಾಟಿದರೆ ಏಷ್ಯಾದಿಂದ ಯುರೋಪಿಗೆ ಹೋದ ಲೆಕ್ಕ. ನಾನು ದಿನಾ ಹಾಲು ತರಲು ಖಂಡ ದಾಟುತ್ತೇನೆ.

ಹೊಸಬರೇ, ಇದು ಭಾರಿ ದೊಡ್ಡ ದೇಶ. 27 ಲಕ್ಷ ಚದರ ಕಿಲೋಮೀಟರ್, ಜನ ಎರಡು ಕೋಟಿ ಮಾತ್ರ. ಕರ್ನಾಟಕದ ಹದಿನಾಲ್ಕು ಪಟ್ಟು ನೆಲ, ಮೂರನೇ ಒಂದು ಪಾಲು ಜನ. ಹಾಗಾಗಿ ಒಬ್ಬರು ಹೇಳಿದ್ದು ಇನ್ನೊಂದು ಊರಿಗೆ ಹೊಂದುವುದಿಲ್ಲ. ನಮ್ಮಲ್ಲಿ ಶುಬಾತ್ ಪ್ರಸಿದ್ಧ, ಹುಳಿ ಬರಿಸಿದ ಒಂಟೆ ಹಾಲು. ಗಟ್ಟಿ, ಸ್ವಲ್ಪ ಉಪ್ಪುಪ್ಪು. ಬೇಸಿಗೆ 40 ಡಿಗ್ರಿಯಲ್ಲಿ ಒಂದು ಲೋಟ ಕುಡಿದರೆ ಮಧ್ಯಾಹ್ನದವರೆಗೆ ಹಸಿವಾಗದು.

ಹೊಸಬ_ಜಯನಗರ

ಅಕ್ಕಾ, ಹಳ್ಳಿ ಕಡೆ ಹೋಗಿದ್ದೀರಾ? ನನ್ನ ಹೆಂಡತಿಗೆ ನಿಜವಾದ ಗುಡಾರದಲ್ಲಿ ಒಂದು ರಾತ್ರಿ ಇರಬೇಕು ಅಂತ ಆಸೆ.

ಚಳ್ಳಕೆರೆ_ಮಗಳು

ಹೋಗಿದ್ದೇವೆ. ಇದನ್ನು ಬರೆಯಲೇ ನಾನು ಕಾಯುತ್ತಿದ್ದೆ.

ಎಲ್ಲರೂ ಹೋಗುವ ಜಾಗಗಳು ಮೊದಲು. ಪೂರ್ವಕ್ಕೆ ಸುಮಾರು 200 ಕಿಲೋಮೀಟರ್ ಹೋದರೆ ಚರಿನ್ ಕಣಿವೆ, ಕೆಂಪು ಕಲ್ಲಿನದು. ಇನ್ನೂ ಮುಂದೆ ಸಾತಿ ಅನ್ನುವ ಹಳ್ಳಿ. ಅಲ್ಲಿಂದ ಕೋಲ್ಸಾಯ್ ಮತ್ತು ಕಾಯಿಂದಿ ಕೆರೆಗಳಿಗೆ ದಾರಿ. ಕಾಯಿಂದಿ ನೋಡಲೇಬೇಕು. 1911ರ ಭೂಕಂಪದಲ್ಲಿ ಗುಡ್ಡ ಜರಿದು ಕಣಿವೆಗೆ ಅಡ್ಡ ಬಿತ್ತು. ನೀರು ನಿಂತು, ಕಾಡಿಗೆ ಕಾಡೇ ಮುಳುಗಿತು. ಸ್ಪ್ರೂಸ್ ಮರಗಳ ಬೋಳು ಕಾಂಡಗಳು ಇವತ್ತಿಗೂ ನೀಲಿ ನೀರಿನಿಂದ ಕಂಬಗಳ ಹಾಗೆ ಎದ್ದು ನಿಂತಿವೆ. ನೀರು ಅಷ್ಟು ತಣ್ಣಗಿರುವುದರಿಂದ ಮುಳುಗಿದ ಭಾಗ ಕೊಳೆತಿಲ್ಲ. ಹಳ್ಳಿಯಿಂದ ಕೆರೆಯ ತನಕ ಬುಖಾಂಕಾ ಅನ್ನುವ ಹಳೇ ಸೋವಿಯತ್ ವ್ಯಾನ್ ಹೋಗುತ್ತದೆ. ಬ್ರೆಡ್ಡಿನ ಆಕಾರ ಇರುವುದಕ್ಕೆ ಆ ಹೆಸರು. ಅದು ಹೊಳೆಯೊಳಗೇ ಇಳಿದು ದಾಟುತ್ತದೆ. ಸೊಂಟ ಗಟ್ಟಿ ಇರಲಿ.

ಆದರೆ ನನ್ನ ಮನಸ್ಸಿಗೆ ಹತ್ತಿರವಾದದ್ದು ಅಸ್ಸಿ. ತುರ್ಗೆನ್ ಕಣಿವೆಯಿಂದ ಮೇಲಕ್ಕೆ ಹತ್ತಿದರೆ ಸಿಗುವ ಎತ್ತರದ ಹುಲ್ಲುಗಾವಲು. ಬೇಸಿಗೆಯಲ್ಲಿ ದನಕರು, ಕುದುರೆ, ಕುರಿ ಹೊಡೆದುಕೊಂಡು ಹೋಗುವ ಇಂಥ ಜಾಗಕ್ಕೆ ಜಾಯ್ಲಾವ್ ಅನ್ನುತ್ತಾರೆ. ಚಳಿಗಾಲದ ಬೀಡಿಗೆ ಕಿಸ್ತಾವ್. ಅಪಾ ಅವರ ತಮ್ಮನ ಕುಟುಂಬ ಪ್ರತಿ ಜೂನ್‌ನಲ್ಲಿ ಹೋಗಿ ಸೆಪ್ಟೆಂಬರ್‌ಗೆ ಇಳಿಯುತ್ತದೆ. ನಾವು ಜುಲೈನಲ್ಲಿ ನಾಲ್ಕು ದಿನ ಅವರ ಜೊತೆ ಇದ್ದೆವು.

ಗುಡಾರಕ್ಕೆ ಕಿಯಿಜ್ ಉಯ್ ಅನ್ನುತ್ತಾರೆ. ಕಿಯಿಜ್ ಅಂದರೆ ಉಣ್ಣೆಯನ್ನು ಒದ್ದೆ ಮಾಡಿ ಉರುಳಿಸಿ ಒತ್ತಿ ಮಾಡಿದ ದಪ್ಪ ಹಾಸು. ನೇಯ್ಗೆ ಇಲ್ಲ. ಗೋಡೆಗೆ ಮರದ ಪಟ್ಟಿಗಳ ಜಾಲರಿ, ಕೆರೆಗೆ ಅಂತ ಹೆಸರು. ನೋಡಿ, ಕನ್ನಡದ 'ಕೆರೆಗೆ' ಹಾಗೇ ಕೇಳುತ್ತದೆ! ಅದರ ಮೇಲಿಂದ ಬಾಗಿದ ಕೋಲುಗಳು ಎದ್ದು ನಡುವಿನ ಒಂದು ದುಂಡು ಚೌಕಟ್ಟಿಗೆ ಸೇರುತ್ತವೆ. ಅದೇ ಶಾನಿರಾಕ್. ಹೊಗೆ ಹೋಗುವುದು, ಬೆಳಕು ಬರುವುದು ಅದರಿಂದಲೇ. ಗುಡಾರ ಹಳೆಯದಾದರೆ ಕೋಲು, ಹಾಸು ಬದಲಾಯಿಸುತ್ತಾರೆ. ಶಾನಿರಾಕ್ ಮಾತ್ರ ತಂದೆಯಿಂದ ಮಗನಿಗೆ ಬರುತ್ತದೆ. ದೇಶದ ಲಾಂಛನದ ನಡುವೆ ಇರುವುದೂ ಅದೇ.

ರಾತ್ರಿ ಆ ಉಣ್ಣೆ ಹಾಸಿನ ಮೇಲೆ ಮಲಗಿದಾಗ ಬಂದ ವಾಸನೆ ನನಗೆ ಗೊತ್ತಿದ್ದ ವಾಸನೆ. ನಮ್ಮಜ್ಜಿಯ ಕರಿ ಕಂಬಳಿಯದು. ಚಳ್ಳಕೆರೆ ಕಂಬಳಿ ಹೆಸರುವಾಸಿ ಅಂತ ನಿಮಗೆಲ್ಲ ಗೊತ್ತು. ನಮ್ಮ ಓಣಿಯ ಹಿಂದೆಯೇ ಮಗ್ಗಗಳಿದ್ದವು. ಮಳೆ ಬಂದ ದಿನ ಉಣ್ಣೆ ಹಸಿಯಾಗಿ ಒಂದು ಘಾಟು ಏಳುತ್ತಿತ್ತು. ಎಷ್ಟೋ ವರ್ಷ ಆಗಿತ್ತು ಅದು ಮೂಗಿಗೆ ಬಡಿದು.

ಬೆಳಿಗ್ಗೆ ಎದ್ದು ನೋಡಿದರೆ ಹೊರಗೆ ಎರಡು ಗೂಟಕ್ಕೆ ಉದ್ದ ಹಗ್ಗ ಬಿಗಿದು ಕುದುರೆ ಮರಿಗಳನ್ನು ಸಾಲಾಗಿ ಕಟ್ಟಿದ್ದರು. ಮರಿ ಇಲ್ಲಿದ್ದರೆ ತಾಯಿ ಎಲ್ಲಿ ಮೇಯಲು ಹೋದರೂ ವಾಪಸ್ ಬರುತ್ತದೆ. ಮೊದಲು ಮರಿಯನ್ನು ತಾಯಿ ಹತ್ತಿರ ಬಿಟ್ಟರು. ಅದು ಎರಡು ಗುಟುಕು ಚೀಪುತ್ತಿದ್ದ ಹಾಗೆ ಹಿಂದಕ್ಕೆ ಎಳೆದು ಪಕ್ಕದಲ್ಲೇ ಹಿಡಿದುಕೊಂಡರು. ಮನೆಯ ಸೊಸೆ ಒಂದು ಮೊಣಕಾಲು ನೆಲಕ್ಕೆ ಊರಿ, ಇನ್ನೊಂದರ ಮೇಲೆ ಬಕೆಟ್ ಇಟ್ಟು ಕರೆದರು. ಕರು ಬಿಟ್ಟರೆ ತಾನೇ ಹಸು ಹಾಲು ಇಳಿಸುವುದು! ಅದೇ ಲೆಕ್ಕ. ಒಂದು ಸಲಕ್ಕೆ ಬರುವ ಹಾಲು ಸ್ವಲ್ಪವೇ. ಅದಕ್ಕೇ ಹಗಲಲ್ಲಿ ಒಂದೆರಡು ಗಂಟೆಗೊಮ್ಮೆ ಕರೆಯುತ್ತಾರೆ. ಆ ಹಾಲನ್ನು ಹಳೇ ಹುಳಿ ಇರುವ ಪಾತ್ರೆಗೆ ಸುರಿದು ಮರದ ಕಡೆಗೋಲಿನಿಂದ ಕುಟ್ಟುತ್ತಲೇ ಇರಬೇಕು. ನನಗೂ ಕೈಗೆ ಕೊಟ್ಟರು. ನೂರು ಎಣಿಸುವಷ್ಟರಲ್ಲಿ ಭುಜ ನೋಯಿತು. ಅವರು ಸಾವಿರ ಸಲ ಕುಟ್ಟುತ್ತಾರಂತೆ.

ಅದೇ ಕಿಮಿಜ್. ತೆಳ್ಳಗೆ, ಹುಳಿ ಮಜ್ಜಿಗೆ ಥರ. ನಾಲಿಗೆ ಮೇಲೆ ಸಣ್ಣಗೆ ಚುರುಗುಟ್ಟುತ್ತದೆ. ಪಾತ್ರೆಗೆ ಹೊಗೆ ಹಿಡಿಸುವುದರಿಂದ ಹಿಂದೆ ಒಂದು ಹೊಗೆಯ ರುಚಿ. ಅದರಲ್ಲಿ ಸ್ವಲ್ಪ ಮದ್ಯದ ಅಂಶ ಇರುತ್ತದೆ, ಬೇಡ ಅನ್ನುವವರು ಮೊದಲೇ ತಿಳಿದುಕೊಳ್ಳಿ.

ಮಲೆನಾಡ_ಮಳೆ

ಓದಿ ತುಂಬಾ ಖುಷಿಯಾಯಿತು ಮೇಡಂ. ಆದರೂ ಒಂದು ಮಾತು ಕೇಳಲೇಬೇಕು, ಬೇಜಾರಾಗಬೇಡಿ. ಕುದುರೆಯನ್ನು ಅಷ್ಟು ಪ್ರೀತಿಸಿ ಅದನ್ನೇ ತಿನ್ನುವುದು ಹೇಗೆ? ನನಗೆ ಅದು ಅರ್ಥವೇ ಆಗುವುದಿಲ್ಲ.

ಚಳ್ಳಕೆರೆ_ಮಗಳು

ಬೇಜಾರೇನೂ ಇಲ್ಲ. ನಾನೂ ಇದನ್ನು ಅಪಾ ಅವರ ತಮ್ಮನಿಗೆ ಕೇಳಿದ್ದೆ. ಅವರು ಹೇಳಿದ್ದು ಇದು. ಚಳಿಗಾಲದಲ್ಲಿ ಬಯಲಿಗೆಲ್ಲ ಹಿಮ ಮುಚ್ಚುತ್ತದೆ. ದನ ಹಿಮದ ಕೆಳಗಿನ ಹುಲ್ಲು ತೆಗೆಯಲಾರದು. ಕುದುರೆ ಗೊರಸಿನಿಂದ ಕೆರೆದು ತೆಗೆಯುತ್ತದೆ. ಅದು ಕೆರೆದ ಜಾಗದಲ್ಲಿ ಹಿಂದಿನಿಂದ ಬಂದ ಕುರಿ ಮೇಯುತ್ತದೆ. ಕುದುರೆ ಇದ್ದರೆ ಹಿಂಡು ಬದುಕಿತು, ಹಿಂಡು ಬದುಕಿದರೆ ಮನೆ ಬದುಕಿತು. ಕೆಲವು ವರ್ಷ ಹಿಮ ಸ್ವಲ್ಪ ಕರಗಿ ಮತ್ತೆ ಹೆಪ್ಪುಗಟ್ಟಿ ಕಲ್ಲಿನಂತಾಗುತ್ತದೆ. ಆಗ ಕುದುರೆಗೂ ಆಗುವುದಿಲ್ಲ. ಅದಕ್ಕೆ ಝುತ್ ಅನ್ನುತ್ತಾರೆ. ಆ ಪದ ಹೇಳುವಾಗ ಅವರ ಧ್ವನಿಯೇ ತಗ್ಗಿತು. ಬೆಳೆ ಬೆಳೆಯದ ನೆಲದಲ್ಲಿ ಹಾಲು, ಮಾಂಸ, ಉಣ್ಣೆ, ಸವಾರಿ ಎಲ್ಲವೂ ಹಿಂಡಿನಿಂದಲೇ ಬರಬೇಕಿತ್ತು.

ನಾನು ತಿನ್ನುವುದಿಲ್ಲ, ಮುಂದೆಯೂ ತಿನ್ನುವುದಿಲ್ಲ. ಆದರೆ ಅವರ ತಟ್ಟೆ ನೋಡಿ ಮುಖ ಕಿವಿಚುವುದನ್ನು ಬಿಟ್ಟೆ.

ಇನ್ನೊಂದು ವಿಷಯ ಹೇಳದೆ ಇದು ಪೂರ್ತಿಯಾಗದು. ಅಪಾ ಮನೆಯಲ್ಲಿ ರೊಟ್ಟಿಯನ್ನು ಬೋರಲು ಇಡುವಂತಿಲ್ಲ. ಚೂರು ಕೆಳಗೆ ಬಿದ್ದರೂ ಎತ್ತಿ ಮೇಲಿಡುತ್ತಾರೆ. ನನ್ನ ಮಗಳು ಒಮ್ಮೆ ಅರ್ಧ ತಿಂದ ನಾನ್ ಬಿಟ್ಟು ಎದ್ದಳು. ಅಪಾ ಬೈಯಲಿಲ್ಲ. ಅದನ್ನು ತಾವೇ ತಿಂದರು. ಆಮೇಲೆ ಮೊಮ್ಮಗಳು ಹೇಳಿದಳು. 1930ರಿಂದ 1933ರ ತನಕ ಇಲ್ಲಿ ಘೋರ ಬರಗಾಲ ಬಂತು. ಸೋವಿಯತ್ ಸರ್ಕಾರ ಅಲೆಮಾರಿಗಳ ಹಿಂಡು ಕಿತ್ತುಕೊಂಡು ಒಂದೇ ಕಡೆ ನೆಲೆ ನಿಲ್ಲಿಸಲು ಹೋಗಿ ಆದ ಅನಾಹುತ ಅದು. ಹತ್ತು ಲಕ್ಷಕ್ಕೂ ಹೆಚ್ಚು ಕಜಕ್ ಜನ ಸತ್ತರು. ಅಪಾ ಅವರ ತಾಯಿಯ ಜೊತೆ ಹುಟ್ಟಿದ ಐವರಲ್ಲಿ ಉಳಿದದ್ದು ಒಬ್ಬರೇ. ಹಾಗೆ ಸತ್ತವರನ್ನು ನೆನೆಯುವ ದಿನ ಮೇ 31 ಬಂದರೆ ಅಪಾ ಅವತ್ತೆಲ್ಲ ಜಾಸ್ತಿ ಮಾತಾಡುವುದಿಲ್ಲ. ಎಣ್ಣೆಯಲ್ಲಿ ಶೆಲ್ಪೆಕ್ ಅನ್ನುವ ರೊಟ್ಟಿ ಕರಿದು ಅಕ್ಕಪಕ್ಕದ ಮನೆಗಳಿಗೆ ಹಂಚುತ್ತಾರೆ.

ಕರಗಂಡಾ_ಹುಡುಗ

ಹೌದು ಅಕ್ಕಾ. ನಮ್ಮ ಊರಿನ ಹತ್ತಿರ ದೊಲಿಂಕಾ ಅನ್ನುವ ಹಳ್ಳಿಯಲ್ಲಿ ಕಾರ್ಲಾಗ್ ಅನ್ನುವ ಸೋವಿಯತ್ ಕಾಲದ ಕೈದಿಗಳ ಶಿಬಿರದ ಮ್ಯೂಸಿಯಂ ಇದೆ. ನಮ್ಮ ಕ್ಲಾಸಿನವರು ಹೋಗಿದ್ದೆವು. ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ.

ಹಬ್ಬದ ವಿಷಯ ಬರೆಯಿರಿ. ನೌರಿಜ್‌ಗೆ ಏನು ಮಾಡಿದಿರಿ?

ಚಳ್ಳಕೆರೆ_ಮಗಳು

ನೌರಿಜ್ ಇವರ ಹೊಸ ವರ್ಷ, ಮಾರ್ಚ್ 21ರಿಂದ 23 ರಜೆ. 2025ರಲ್ಲಿ ನಮ್ಮ ಯುಗಾದಿ ಮಾರ್ಚ್ 30ಕ್ಕೆ ಬಂದಿತ್ತು. ಒಂದೇ ವಾರದ ಅಂತರ. ಅವತ್ತು ಏಳು ಪದಾರ್ಥ ಹಾಕಿ ನೌರಿಜ್ ಕೋಝೆ ಅನ್ನುವ ಗಂಜಿ ಮಾಡುತ್ತಾರೆ. ನೀರು, ಹಾಲು, ಧಾನ್ಯ, ಹಿಟ್ಟು, ಉಪ್ಪು, ಕೊಬ್ಬು, ಮಾಂಸ. ಅಪಾ ನಮಗಾಗಿ ಬೇರೆ ಪಾತ್ರೆಯಲ್ಲಿ ಮಾಂಸ, ಕೊಬ್ಬು ಬಿಟ್ಟು, ಬದಲಿಗೆ ಬೆಣ್ಣೆ ಮತ್ತು ಒಣದ್ರಾಕ್ಷಿ ಹಾಕಿ ಏಳರ ಲೆಕ್ಕ ತುಂಬಿಸಿದ್ದರು. ಯುಗಾದಿಗೆ ನಾನು ಊರಿಂದ ತಂದಿದ್ದ ಒಣ ಬೇವಿನ ಹೂವು, ಬೆಲ್ಲ ಕೊಟ್ಟೆ. ಕಹಿಯನ್ನು ಯಾಕೆ ತಿನ್ನಬೇಕು ಅಂತ ಕೇಳಲಿಲ್ಲ. ಎರಡೂ ಕೈ ಚಾಚಿ ತಗೊಂಡು ತಿಂದರು.

ಚಹಾದ ಬಗ್ಗೆ ಹೇಳುವುದೇ ಮರೆತೆ. ಹಾಲು ಹಾಕಿದ ಕಡಕ್ ಚಹಾ, ನಮಗೆ ಸರಿಹೊಂದುವಂಥದ್ದು. ಕೆಸೆ ಅನ್ನುವ ಹಿಡಿಕೆ ಇಲ್ಲದ ಬಟ್ಟಲಲ್ಲಿ ಅರ್ಧಕ್ಕಿಂತ ಕಡಿಮೆ ಹಾಕಿಕೊಡುತ್ತಾರೆ. ಮೊದಲ ಸಲ ನಾನು 'ಇನ್ನೂ ಸ್ವಲ್ಪ ತುಂಬಿ' ಅಂತ ಕೈಸನ್ನೆ ಮಾಡಿದೆ. ಸೊಸೆಯ ಮುಖ ಕೆಂಪಾಯಿತು. ಕಡಿಮೆ ಹಾಕಿದರೆ ಅತಿಥಿ ಮತ್ತೆ ಮತ್ತೆ ಬಟ್ಟಲು ಚಾಚುತ್ತಾರೆ, ಮನೆಯವರು ಮತ್ತೆ ಮತ್ತೆ ಬಿಸಿ ಚಹಾ ಕೊಡುತ್ತಾರೆ, ಮಾತು ಬೆಳೆಯುತ್ತದೆ. ತುಂಬಿಸಿ ಕೊಟ್ಟರೆ 'ಕುಡಿದು ಹೊರಡು' ಅಂದ ಹಾಗೆ. ಸಾಕಾದಾಗ ಬಟ್ಟಲ ಮೇಲೆ ಅಂಗೈ ಮುಚ್ಚಿ 'ರಖ್ಮೆತ್', ಅಂದರೆ ಧನ್ಯವಾದ, ಅನ್ನಿ. ಹುರಿದ ತಾರಿಯನ್ನು ಚಹಾಕ್ಕೇ ಹಾಕಿ ಕುಡಿಯುತ್ತಾರೆ. ಅದು ಏನು ಗೊತ್ತಾ? ನಮ್ಮ ಬರಗು! ನಮ್ಮ ಹೊಲದಲ್ಲಿ ಅಜ್ಜ ಬಿತ್ತುತ್ತಿದ್ದ ಬರಗು. ನಾವು ಬಿಟ್ಟೆವು, ಇವರು ಇನ್ನೂ ಚಹಾದಲ್ಲಿ ಇಟ್ಟುಕೊಂಡಿದ್ದಾರೆ.

ಕಾಸ್ಪಿಯನ್_ದಂಡೆ

ಇದೊಂದು ಸೇರಿಸುತ್ತೇನೆ. ಊಟ ಮುಗಿದ ಮೇಲೆ ಹಿರಿಯರು ಅಂಗೈ ಬಿಚ್ಚಿ ಬಾತಾ ಹೇಳುತ್ತಾರೆ, ಹರಸುವ ಮಾತು. ಕೊನೆಗೆ ಎಲ್ಲರೂ ಮುಖದ ಮೇಲೆ ಕೈ ಸವರಿಕೊಳ್ಳುತ್ತಾರೆ. ಅದು ಮುಗಿಯುವ ಮುಂಚೆ ಏಳಬೇಡಿ. ನನಗೆ ಮೊದಲ ವರ್ಷ ಯಾರೂ ಇದನ್ನು ಹೇಳಿರಲಿಲ್ಲ.

ಹೊಸಬ_ಜಯನಗರ

ಎರಡೂವರೆ ತಿಂಗಳ ನಂತರ ಬರೆಯುತ್ತಿದ್ದೇನೆ. ಬಂದು ಹತ್ತು ದಿನವಾಯಿತು. ಐಐಎನ್ ಆಯಿತು, ಬೂಟು ಇಲ್ಲೇ ಕೊಂಡೆವು. ಇವತ್ತು ಕೆಳಗಿನ ಮನೆಯವರು ಬಂದು ಶನಿವಾರ ಊಟಕ್ಕೆ ಕರೆದರು. ಅವರು 'ಯೆರುಲಿಕ್' ಅನ್ನಲಿಲ್ಲ, ಆದರೆ ಅದೇ ಇರಬೇಕು ಅಲ್ವಾ? ನಾವು ಮಾಂಸ ತಿನ್ನುವುದಿಲ್ಲ ಅಂತ ಬಾಗಿಲಲ್ಲೇ ಹೇಳಿದೆವು. ಏನು ತೆಗೆದುಕೊಂಡು ಹೋಗಲಿ ಅಕ್ಕಾ?

ಚಳ್ಳಕೆರೆ_ಮಗಳು

ಬಹಳ ಸಂತೋಷ! ಖಾಲಿ ಕೈಯಲ್ಲಿ ಹೋಗಬೇಡಿ. ಹಣ್ಣು ಅಥವಾ ಒಳ್ಳೆಯ ಚಾಕೊಲೇಟ್ ಡಬ್ಬಿ ಸಾಕು. ಹೂ ಒಯ್ದರೆ ಎಣಿಕೆ ಬೆಸ ಇರಲಿ. ಎರಡು, ನಾಲ್ಕು ಹೂ ಸತ್ತವರಿಗೆ ಇಡುವುದು. ಚಪ್ಪಲಿ ಹೊರಗೆ. ಹೊಸ್ತಿಲು ತುಳಿಯಬಾರದು, ಹೊಸ್ತಿಲ ಆಚೆ ಈಚೆ ನಿಂತು ಕೈ ಕುಲುಕಬಾರದು. ಇದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಹೊರಡುವಾಗ ಉಳಿದ ಬಾವುರ್ಸಾಕ್, ಮಿಠಾಯಿ ಎಲ್ಲ ಕಟ್ಟಿ ಕೊಡುತ್ತಾರೆ. ಅದಕ್ಕೆ ಸರ್ಕಿತ್ ಅನ್ನುತ್ತಾರೆ. ಸಂಕೋಚಪಟ್ಟು ಬೇಡ ಅನ್ನಬೇಡಿ. ಡಬ್ಬಿಯಲ್ಲಿ ಕೊಟ್ಟರೆ ಮಾತ್ರ ಒಂದು ನೆನಪಿಡಿ. ತೊಳೆದು ಖಾಲಿ ವಾಪಸ್ ಕೊಡುವ ಹಾಗಿಲ್ಲ. ಇಲ್ಲಿಯೂ ಅದೇ ಪದ್ಧತಿ.

ಹೊಸಬ_ಜಯನಗರ

ನಮ್ಮಮ್ಮ ಚಕ್ಕುಲಿ ಕಳಿಸಿದ್ದಾರೆ. ಅದನ್ನು ಹಾಕಿ ಕೊಡಬಹುದಾ? ಖಾರ ಸ್ವಲ್ಪ ಇದೆ.

ಚಳ್ಳಕೆರೆ_ಮಗಳು

ಕೊಡಿ. ನಾನು ಕೋಡುಬಳೆ ಹಾಕಿದ್ದೆ. ಮಾರನೇ ದಿನವೇ ಅಪಾ ಡಬ್ಬಿ ಹಿಡಿದುಕೊಂಡು ಬಂದರು, ಅದರೊಳಗೆ ಕುರ್ತ್ ಅನ್ನುವ ಒಣಗಿಸಿದ ಮೊಸರಿನ ಉಂಡೆಗಳು ತುಂಬಿದ್ದವು.